ಕಡಬದ ಕಾಡಿನಿಂದ ಒಂದು ಕೂಜ ನೀರು

ನಾಗಮಂಗಲ

ನಾನು ಪರರಾಜ್ಯ ಕಂಡದ್ದು ಒಂದೇ ಸಲ, ಅದೂ ಬಸ್ಸಿನಲ್ಲಿ. ಆಗ ರಾಜ್ಯಗಳು ಇನ್ನೂ ಒಂದಾಗಿರಲಿಲ್ಲ. ನಮ್ಮ ನಾಗಮಂಗಲ ಮೈಸೂರು ರಾಜ್ಯಕ್ಕೆ ಸೇರಿತ್ತು. ಮಡಿಕೇರಿ ಕೊಡಗು ರಾಜ್ಯದ್ದು. ಘಟ್ಟದ ಕೆಳಗಿನ ಸುಳ್ಯ, ಪುತ್ತೂರು, ಕಡಬ ಮದ್ರಾಸು ರಾಜ್ಯದವು. ಒಂದು ಕೂಜ ನೀರು ತರಲು ಎರಡು ಗಡಿ ದಾಟಿದ ಮನುಷ್ಯ ನಮ್ಮ ಬೀದಿಯಲ್ಲಿ ನಾನೊಬ್ಬನೇ. ಈಗ ಆ ಊರುಗಳೆಲ್ಲ ನಮ್ಮವೇ. ಆದರೂ ಅಂದು ಹೋದದ್ದು ಪರದೇಶಕ್ಕೇ ಎಂದು ನನಗೆ ಇಂದಿಗೂ ಅನಿಸುತ್ತದೆ.

ನೀರು ಬೇಕಾಗಿದ್ದದ್ದು ಪೂವಮ್ಮಜ್ಜಿಗೆ. ಅವರು ನನ್ನ ಹೆಂಡತಿ ಜಯಮ್ಮನ ಅಜ್ಜಿ, ಅಪ್ಪನ ತಾಯಿ. ಹುಟ್ಟಿದ್ದು ಕಡಬದ ಹತ್ತಿರ. ಸಂಪಾಜೆ ಘಟ್ಟದ ರಸ್ತೆ ಕೆಲಸಕ್ಕೆ ಹೋಗಿದ್ದ ನಮ್ಮೂರಿನ ಮೇಸ್ತ್ರಿಯೊಬ್ಬರು ಅವರನ್ನು ಮದುವೆಯಾಗಿ ಕರೆತಂದಿದ್ದರು. ಮನೆ ತುಂಬಿದ ದಿನವೇ ನಮ್ಮ ಬಾವಿಯ ನೀರನ್ನು ಬಾಯಿಗೆ ಹಾಕಿದ ಹದಿನಾರು ವರ್ಷದ ಮದುಮಗಳು ಅದನ್ನು ಅಲ್ಲೇ ಉಗುಳಿ, "ಇದಕ್ಕೆ ಉಪ್ಪು ಹಾಕಿದ್ದು ಯಾರು? ನಮ್ಮಲ್ಲಿ ಕಾಡಿನಲ್ಲಿ ಒಂದು ಒಸರು ಉಂಟು, ಅದರ ನೀರು ಬೆಲ್ಲ ಇಲ್ಲದೆ ಸಿಹಿ" ಅಂದರಂತೆ. ಒಸರು ಎಂದರೆ ಒರತೆ. ಅದನ್ನು ಕೇಳಿಸಿಕೊಂಡ ಮೈದುನ ಬೋರೇಗೌಡ, ಆಗ ಹನ್ನೆರಡು ವರ್ಷದ ಹುಡುಗ, "ಸುಳ್ಳು" ಅಂದನಂತೆ.

ಅಲ್ಲಿಂದ ನಲವತ್ತೈದು ವರ್ಷ ಆ ಮನೆಯಲ್ಲಿ ಇದೇ ಜಗಳ. ಮೇಸ್ತ್ರಿ ತೀರಿಕೊಂಡರು, ಮಕ್ಕಳು ಮೊಮ್ಮಕ್ಕಳಾದರು. ಬೋರೇಗೌಡರ ಮೀಸೆ ಬೆಳ್ಳಗಾಯಿತು. ಜಗಳ ಮಾತ್ರ ಹಾಗೇ ಇತ್ತು. ಅಜ್ಜಿ ಚೊಂಬು ಎತ್ತಿ ಮುಖ ಸಿಂಡರಿಸಿದರೆ ಸಾಕು, ಜಗುಲಿಯಿಂದ ಮಾತು ಬರುತ್ತಿತ್ತು.

"ಏನ್ ಅತ್ತಿಗೆ, ನಿಮ್ಮೂರ ಬೆಲ್ಲದ ನೀರು ಗೆಪ್ತಿಗೆ ಬಂತಾ?"

ಆ ಬೇಸಿಗೆಯಲ್ಲಿ ಅಜ್ಜಿಯ ಅಣ್ಣನ ಮಗ ಸೇಸಪ್ಪ ಗೌಡರಿಂದ ಒಂದು ಕಾರ್ಡು ಬಂತು. ಓದಿದವನು ನಾನು. ನಾನು ಶಾಲೆಗೆ ಸೇರಿದ್ದು ಇಪ್ಪತ್ತೆರಡನೇ ವಯಸ್ಸಿನಲ್ಲಿ. ಹಾಗಾಗಿ ಅಕ್ಷರ ಅಕ್ಷರ ಕೂಡಿಸಿ ನಿಧಾನ ಓದುತ್ತೇನೆ. ಈಗ ಈ ಟೈಪು ಮಿಷನ್ನಿನಲ್ಲೂ ಹಾಗೇ, ಒಂದೇ ಬೆರಳಿನಲ್ಲಿ. ಕಾರ್ಡಿನ ಕೊನೆಯಲ್ಲಿ ಒಂದು ಸಾಲು ಇತ್ತು: "ಅತ್ತೆ ಕೇಳಿದ ಒಸರು ಈಗಲೂ ಉಂಟು, ಬತ್ತಲಿಲ್ಲ."

ಅಜ್ಜಿಯ ಮುಖ ಅರಳಿತು. ಬೋರೇಗೌಡರು ನಕ್ಕರು. "ಕಾರ್ಡಲ್ಲಿ ಯಾರು ಏನ್ ಬೇಕಾದ್ರೂ ಬರೀಬೌದು. ಒಂದ್ ಲೋಟ ತಂದು ನನ್ ನಾಲ್ಗೆ ಮ್ಯಾಲೆ ಬಿಡ್ಲಿ. ಸಿಹಿ ಇದ್ರೆ ಈ ಜನ್ಮದಲ್ಲಿ ಮಾತ್ ಎತ್ತಕಿಲ್ಲ."

"ತರ್ಲಿಕ್ಕೆ ಯಾರು ಹೋಗ್ತಾರೆ?" ಅಂದರು ಅಜ್ಜಿ.

ಬೋರೇಗೌಡರು ನನ್ನ ಕಡೆ ಬೆರಳು ಮಾಡಿದರು. "ಈ ಅಳಿಯಂದ್ರು ಹೋಗ್ಲಿ. ಇವ್ರು ಒಂದ್ ಸುಳ್ಳು ಯೋಚ್ನೆ ಮಾಡಿ ಮುಗಿಸೋ ಹೊತ್ಗೆ ಬೆಳ್ಗಾಯ್ತದೆ. ನಂಬೌದು."

ಅಜ್ಜಿ ತಮ್ಮ ಹಿತ್ತಾಳೆ ಕೂಜ ಕೊಟ್ಟರು. ಮೂರು ಸೇರು ಹಿಡಿಯುವ, ತಿರುಪಿನ ಮುಚ್ಚಳದ ಕೂಜ. ಮುಚ್ಚಳ ತೆಗೆದು ತಲೆಕೆಳಗೆ ಹಿಡಿದರೆ ಅದೇ ಲೋಟ. ತಿರುಪು ಸವೆದು ನೀರು ಜಿನುಗುತ್ತಿತ್ತು. ಅದಕ್ಕೆ ಸುತ್ತಲು ತಮ್ಮ ಹಳೆ ಸೀರೆಯ ತುಂಡನ್ನೂ ಕೊಟ್ಟರು. ನಾನು ಹೊರಟಾಗ ಬಾಗಿಲ ಹತ್ತಿರ ತಡೆದು ಮೆಲ್ಲಗೆ ಹೇಳಿದರು.

"ಅವನಿಗೆ ಒಂದು ಲೋಟ. ನಂಗೆ ಒಂದು ಗುಟುಕು ಸಾಕು. ಒಸರಿನ ಬುಡದ ಬಂಡೆಯಲ್ಲಿ ನಾವು ಕೊಡ ಇಡ್ತಿದ್ದ ಒಂದು ಗುಳಿ ಉಟ್ಟು. ಅದು ಉಟ್ಟಾ ಇಲ್ವಾ ನೋಡಿ ಬಾ ಮಗಾ."

'ಉಟ್ಟು' ಎಂಬುದು ಅವರ ತವರಿನ ಅರೆಭಾಷೆಯ ಮಾತು, ಇದೆ ಎಂದರ್ಥ. ನಲವತ್ತೈದು ವರ್ಷ ನಮ್ಮೊಡನೆ ಇದ್ದೂ, ತವರಿನ ಸುದ್ದಿ ಬಂದಾಗ ಮಾತ್ರ ಅದು ಅವರ ಬಾಯಿಗೆ ತಾನಾಗಿ ಬರುತ್ತಿತ್ತು.

ಸುಳ್ಯ

ಮೈಸೂರು, ಮಡಿಕೇರಿ ದಾಟಿ ಬಸ್ಸು ಸಂಪಾಜೆ ಘಟ್ಟ ಇಳಿಯತೊಡಗಿತು. ಕೂಜವನ್ನು ತೊಡೆಯ ಮೇಲೆ ಮಗುವಿನಂತೆ ಹಿಡಿದಿದ್ದೆ. ಮೇಲಿನ ತಂಪು ಕೆಳಗೆ ಇಳಿದಂತೆಲ್ಲ ಕರಗಿ, ಸುಳ್ಯದಲ್ಲಿ ಕಾಲಿಡುವಾಗ ಅಂಗಿ ಬೆನ್ನಿಗೆ ಅಂಟಿತ್ತು. ನಮ್ಮ ಕಡೆಯ ಬಿಸಿಲು ಸುಡುತ್ತದೆ, ಒಣಗಿಸುತ್ತದೆ. ಇಲ್ಲಿನದು ಬೇಯಿಸುತ್ತದೆ.

ಪುತ್ತೂರಿನ ಬಸ್ಸು ಎದುರಿಗೇ ನಿಂತಿತ್ತು. ಬೋರ್ಡು ಓದಲು ನಿಂತೆ. ದೊಡ್ಡ ಅಕ್ಷರದಲ್ಲಿ ಊರು, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ದಾರಿಯ ಊರುಗಳೆಲ್ಲ. ನಾನು ಮೂರನೇ ಊರಿಗೆ ಬರುವ ಹೊತ್ತಿಗೆ ಬೋರ್ಡು ಚಲಿಸತೊಡಗಿತು. ಬಸ್ಸೂ ಜೊತೆಗೆ ಹೋಯಿತು. ಹಿಂದಿನ ಬಾಗಿಲಲ್ಲಿ ನಿಂತ ಕಂಡಕ್ಟರು ಕೂಗಿದ. "ಓದಿ ಆಯ್ತಾ ಮಾರಾಯ್ರೆ? ಇನ್ನೊಂದು ಬರ್ತದೆ, ಅದನ್ನೂ ಓದಿ!"

ಹೊತ್ತು ಕಳೆಯಲು ಹೋಟೆಲಿಗೆ ಹೋಗಿ ನೀರು ಕೇಳಿದೆ. ಆ ಸೆಕೆಯಲ್ಲಿ ಹಬೆಯಾಡುವ, ಜೀರಿಗೆ ವಾಸನೆಯ ಬಿಸಿನೀರು ತಂದಿಟ್ಟರು. ಸುತ್ತಲೂ ನೋಡಿದೆ. ಎಲ್ಲರೂ ಅದನ್ನೇ ಊದಿ ಊದಿ ಕುಡಿದು, ಬೆವರು ಒರೆಸಿಕೊಂಡು ಸಂತೋಷದಿಂದ ಇದ್ದರು. ನನಗೆ ಅಜ್ಜಿಯ ಮಾತಿನ ಮೇಲೆ ಮೊದಲ ಸಲ ಅನುಮಾನ ಬಂತು. ಇಷ್ಟು ಒಳ್ಳೆಯ ನೀರಿನ ಸೀಮೆಯಲ್ಲಿ ನೀರನ್ನು ಬೇಯಿಸುವುದೇಕೆ?

ಯಜಮಾನರನ್ನು ಕೇಳಿಯೇಬಿಟ್ಟೆ. ಅವರಿಗೆ ಏನೂ ಬೇಸರವಾಗಲಿಲ್ಲ. "ಇದು ಬಾವಿದು, ಕುದಿಸಿಯೇ ಕೊಡುದು. ಕಾಡಿನ ಒಸರಿನದ್ದಾದ್ರೆ ಹಾಗೇ ಕುಡಿಬಹುದು. ನಿಮ್ಮ ಊರಲ್ಲಿ ಎಂತ ಮಾಡ್ತೀರಿ?"

"ಸೋಸ್ತೀವಿ."

"ಮತ್ತೆ?"

"ಮತ್ತೆ ಸಹಿಸ್ಕೊತೀವಿ," ಅಂದೆ. ಅವರು ಜೋರಾಗಿ ನಕ್ಕು ಇನ್ನೊಂದು ಲೋಟ ಬಿಸಿನೀರು ಸುರಿದರು.

ಪುತ್ತೂರು

ಒಂದು ಬಸ್ಸು ತಪ್ಪಿದ್ದರಿಂದ ಎರಡನೆಯದೂ ತಪ್ಪಿತು. ನಾನು ಪುತ್ತೂರು ಮುಟ್ಟುವಾಗ ಕಡಬದ ಬಸ್ಸು ಹೋಗಿ ಆಗಿತ್ತು. ಬಸ್ಸು ನಿಲ್ದಾಣದ ಎದುರಿನ ಗೋಣಿಚೀಲದ ಅಂಗಡಿಯ ನೆರಳಿನಲ್ಲಿ ಕೂಜ ಅಪ್ಪಿಕೊಂಡು ನಿಂತಿದ್ದೆ. ಒಳಗೆ ಬಿಳಿ ಟೊಪ್ಪಿಯ ಹಿರಿಯರೊಬ್ಬರು ಕುಳಿತಿದ್ದರು. ಆ ಅಂಗಡಿಯ ಯಜಮಾನರು. ಎಲ್ಲರೂ ಅವರನ್ನು ಅಬ್ಬುಕಾಕ ಎಂದು ಕರೆಯುತ್ತಿದ್ದರು. ನನ್ನನ್ನು ಸ್ವಲ್ಪ ಹೊತ್ತು ನೋಡಿ ಕರೆದರು.

"ಬನ್ನಿ, ಕೂತ್ಕೊಳ್ಳಿ. ಎಲ್ಲಿಗೆ ಹೋಗುದು?"

ಕಡಬ ಎಂದೆ. ಸೇಸಪ್ಪ ಗೌಡರ ಮನೆ ಎಂದೆ. ಅವರು ಕೂಡಲೇ ಒಂದು ಎಳನೀರು ತರಿಸಿದರು. ನಾನು, "ನೀವು?" ಅಂದೆ.

"ನಂಗೆ ನೋಂಬು. ರಂಜಾನ್ ಅಲ್ವಾ?"

ಬೆಳಗಿನಿಂದ ಹನಿ ನೀರು ಮುಟ್ಟದ ಮನುಷ್ಯನ ಎದುರು ಗಟಗಟ ಕುಡಿಯುವುದು ಹೇಗೆ? ನಾನು ಎಳನೀರು ಹಿಡಿದು ಸುಮ್ಮನೆ ಕುಳಿತೆ. ಅವರಿಗೆ ಗೊತ್ತಾಯಿತು.

"ಕುಡೀರಿ ಮಾರಾಯ್ರೆ. ನನ್ನ ನೋಂಬು ನಂಗೆ, ನಿಮ್ಮ ಬಾಯಾರಿಕೆ ನಿಮಗೆ. ನೀವು ಕುಡಿಯದಿದ್ರೆ ನಂಗೆ ಇನ್ನೂ ಬಾಯಾರುದು."

ಕುಡಿದೆ. ಕೂಜದ ಕಥೆ ಹೇಳಿದೆ. ಅಬ್ಬುಕಾಕರ ಕಣ್ಣು ಸಣ್ಣದಾಯಿತು. "ಆ ಒಸರಾ! ಹತ್ತು ವರ್ಷದ ಹಿಂದೆ ಒಮ್ಮೆ ಕುಡಿದಿದ್ದೇನೆ. ಹೋಗುವಾಗ ಹೇಗೂ ಹೋಗಿ, ಬರುವಾಗ ನನ್ನ ಅಂಗಡಿ ದಾಟಿ ಹೋಗ್ಬಾರ್ದು."

ಕಡಬಕ್ಕೆ ಚೀಲ ಒಯ್ಯುವ ಅವರ ಲಾರಿ ಹೊರಟಿತ್ತು. ನನ್ನನ್ನು ಚೀಲಗಳ ಮೇಲೆ ಕೂರಿಸಿ ಕಳಿಸಿದರು. ಪರದೇಶದಲ್ಲಿ ನನಗೆ ಸಿಕ್ಕಿದ ಅತ್ಯಂತ ಮೆತ್ತಗಿನ ಆಸನ ಅದೇ.

ಕಡಬ, ಸೇಸಪ್ಪ ಮಾವನ ಮನೆ

ಸೇಸಪ್ಪ ಗೌಡರು ಸಂಬಂಧದಲ್ಲಿ ನನಗೆ ಮಾವ. ತೆಳ್ಳಗಿನ ಮನುಷ್ಯ, ಮಾತಿಗೆ ಮುಂಚೆ ನಗು. ಅವರ ಹೆಂಡತಿ ದೇವಕಿ ಅತ್ತೆ ನಾನು ಅಂಗಳಕ್ಕೆ ಬಂದ ಕೂಡಲೇ ಕೈಕಾಲಿಗೆ ನೀರು ಕೊಟ್ಟರು. ದೊಡ್ಡ ಹಂಡೆ ತುಂಬ! ನಮ್ಮಲ್ಲಿ ಅಷ್ಟು ನೀರಿನಲ್ಲಿ ಒಂದು ಮನೆಯವರು ಸ್ನಾನ ಮುಗಿಸುತ್ತಾರೆ. ನಾನು ಅಭ್ಯಾಸದಂತೆ ಎರಡು ಬೊಗಸೆ ಬಳಸಿ ನಿಲ್ಲಿಸಿದೆ.

"ಎಂತ ಅಳಿಯಂದ್ರೆ, ಕಾಲು ಒಂದೇ ತೊಳೆದದ್ದಾ?" ಅಂದರು ಮಾವ.

ಆಮೇಲೆ ಒಂದು ತಟ್ಟೆಯಲ್ಲಿ ಬೆಲ್ಲದ ತುಂಡು, ಒಂದು ಚೊಂಬಿನಲ್ಲಿ ನೀರು ಬಂತು. ನಾನು ಯೋಚಿಸಿದೆ. ನಮ್ಮ ಕಡೆ ನೀರು, ಬೆಲ್ಲ ಎರಡೂ ಇದ್ದರೆ ಅದು ಪಾನಕಕ್ಕೆ. ಬಹುಶಃ ಇಲ್ಲಿ ಅತಿಥಿಯೇ ಮಾಡಿಕೊಳ್ಳಬೇಕು. ಬೆಲ್ಲವನ್ನು ಚೊಂಬಿಗೆ ಹಾಕಿ ಬೆರಳಿನಿಂದ ಚೆನ್ನಾಗಿ ಕಲಕತೊಡಗಿದೆ.

ಒಳಗಿನಿಂದ ಕಿಸಕ್ಕೆಂದು ನಗು ಕೇಳಿಸಿತು. ದೇವಕಿ ಅತ್ತೆ ಸೆರಗನ್ನು ಬಾಯಿಗೆ ಒತ್ತಿ ಹೊರಗೆ ಬಂದರು. "ಅಯ್ಯೋ ಅಳಿಯಂದ್ರೇ, ಅದು ಕಚ್ಚಿ ತಿಂದು ಮೇಲಿಂದ ನೀರು ಕುಡಿಯುದು! ಯಾರು ಬಂದ್ರೂ ನಾವು ಮೊದಲು ಬೆಲ್ಲ ನೀರು ಕೊಡುದು. ಬಿಸಿಲಿಗೆ ಬಂದವರು ಬರೀ ನೀರು ಕುಡಿದ್ರೆ ಹೊಟ್ಟೆ ಹಿಡೀತದೆ."

ನಾನು ಕಲಕಿದ್ದನ್ನು ಬಿಡಲಾಗಲಿಲ್ಲ, ಪೂರ್ತಿ ಕುಡಿದೆ. ಮರುದಿನ ಬೆಳಗಿನವರೆಗೆ ಆ ಮನೆಯಲ್ಲಿ ನನ್ನ ಹೆಸರು ಪಾನಕದ ಅಳಿಯ ಎಂದೇ ಇತ್ತು.

ಕುಚ್ಚಲಕ್ಕಿ ಗಂಜಿ, ಮಾವಿನ ಮಿಡಿ ಉಪ್ಪಿನಕಾಯಿ ಉಂಡು ಮಲಗುವ ಮುನ್ನ ಮಾವ ಅಜ್ಜಿಯ ಬಗ್ಗೆ ಕೇಳಿದರು. ಅತ್ತೆ ಹೇಗಿದ್ದಾರೆ, ಹಲ್ಲು ಉಂಟಾ, ಈಗಲೂ ಬೈತಾರಾ. ಬೋರೇಗೌಡರ ಪಂತ ಹೇಳಿದಾಗ ಅವರು ನಗಲಿಲ್ಲ.

"ನಲವತ್ತೈದು ವರ್ಷ ನಮ್ಮ ಅತ್ತೆಯನ್ನು ಸುಳ್ಳಿ ಮಾಡಿದ್ದಾರಾ? ನಾಳೆ ಹೋಗುವ. ತುಂಬಿಸಿಯೇ ಕಳಿಸ್ತೇನೆ."

ಕಡಬ, ಕಾಡು

ಹಾದಿ ಏರುತ್ತಾ ಹೋಯಿತು. ಮಾವನ ಕೈಯಲ್ಲಿ ಕತ್ತಿ, ನನ್ನ ಕೈಯಲ್ಲಿ ಕೂಜ. ಅವರು ನಡೆದ ಹಾಗೆ ನಡೆದೆ. ಆದರೆ ಅವರು ತಲೆ ಬಗ್ಗಿಸಿದ ಕಡೆ ನಾನು ಬಗ್ಗಿಸಲಿಲ್ಲ. ಎಲೆಗಳನ್ನು ಹೊಲಿದು ಮಾಡಿದ ಗೂಡೊಂದು ತಲೆಗೆ ಬಡಿಯಿತು, ಕೆಂಪಿರುವೆಗಳು ಅಂಗಿಯೊಳಗೆ ಇಳಿದವು. ನಾನು ಕೂಜವನ್ನು ಬಿಡದೆ ಒಂದೇ ಕೈಯಲ್ಲಿ ಅಂಗಿ ಕಳಚಿದ್ದನ್ನು ನೋಡಿ ಮಾವ, "ಭೂತ ಬಂದವರೂ ಇಷ್ಟು ಕುಣಿಯುದಿಲ್ಲ" ಅಂದರು. ನನ್ನ ಬೆನ್ನಿನಿಂದ ಇರುವೆ ಹೆಕ್ಕುತ್ತಾ, ಇದರ ಚಟ್ನಿ ಬಹಳ ರುಚಿ ಎಂದೂ ಹೇಳಿದರು. ತಮಾಷೆಯೋ ನಿಜವೋ ಇಂದಿಗೂ ತಿಳಿಯದು.

ದಾರಿಯುದ್ದಕ್ಕೂ ನನ್ನ ಮನಸ್ಸಿನಲ್ಲಿ ನಮ್ಮೂರಿನ ಸಿಹಿನೀರು ಬಾವಿ ಇತ್ತು. ಊರಿಗೆಲ್ಲ ಒಂದೇ, ಅದರ ಸಿಹಿಯೂ ಹೆಸರಿಗೆ ಮಾತ್ರ. ಅಲ್ಲಿ ಕೋಳಿ ಕೂಗುವ ಮುಂಚೆ ಕೊಡಗಳ ಸಾಲು, ಸಾಲಿನ ಹಿಂದೆ ಬೈಗುಳದ ಸಾಲು. ಇಷ್ಟು ಹೆಸರುವಾಸಿ ಒರತೆ ಎಂದ ಮೇಲೆ ಎಷ್ಟು ಜನ ಕಾದಿರಬಹುದು ಎಂದು ಲೆಕ್ಕ ಹಾಕುತ್ತಿದ್ದೆ.

ಯಾರೂ ಇರಲಿಲ್ಲ. ದೊಡ್ಡದೊಂದು ಹೆಬ್ಬಲಸಿನ ಮರ, ಅದರ ಬೇರು ಅಪ್ಪಿ ಹಿಡಿದ ಕಪ್ಪು ಬಂಡೆ. ಬಂಡೆಯ ಸೀಳಿನಿಂದ ನೀರು ಬಂದು ಸೀಳಿದ ಬಿದಿರಿನಲ್ಲಿ ಹರಿದು ಕೆಳಗೆ ಬೀಳುತ್ತಿತ್ತು. ಬೇಸಿಗೆಯಾದ್ದರಿಂದ ದಾರದಷ್ಟು ಸಣ್ಣ ಧಾರೆ. ಆದರೆ ಒಮ್ಮೆಯೂ ಕಡಿಯದ ದಾರ.

ಬಿದ್ದ ಜಾಗದಲ್ಲಿ, ಬಂಡೆಯಲ್ಲಿ, ಒಂದು ದುಂಡನೆಯ ಗುಳಿ ಇತ್ತು. ಕೊಡದ ತಳ ತಾಗಿ ತಾಗಿ ಸವೆದದ್ದು. ನಾನು ಕೂಜ ಇಟ್ಟೆ. ಅಲ್ಲಾಡದೆ ಕೂತಿತು. ಅಜ್ಜಿ ಹದಿನಾರು ವರ್ಷದವರಾಗಿ ಇಲ್ಲೇ, ಇದೇ ಕಲ್ಲಿನ ಹತ್ತಿರ, ಸೊಂಟಕ್ಕೆ ಕೈಕೊಟ್ಟು ಕಾದಿದ್ದರು ಎಂದು ಕಂಡ ಹಾಗಾಯಿತು.

ಕೂಜ ತುಂಬಲು ಬಹಳ ಹೊತ್ತು ಹಿಡಿಯಿತು. ಮಾವ ಮೊದಲ ಬೊಗಸೆಯನ್ನು ಮರದ ಬುಡಕ್ಕೆ ಸುರಿದು, ಎರಡನೆಯದನ್ನು ನನಗೆ ಕೊಟ್ಟರು. ಕುಡಿದೆ. ಬೆಲ್ಲದ ಸಿಹಿ ಎಂದರೆ ಸುಳ್ಳಾಗುತ್ತದೆ. ಏನೂ ಇರಲಿಲ್ಲ ಅದರಲ್ಲಿ. ಉಪ್ಪಿಲ್ಲ, ಮಣ್ಣಿಲ್ಲ, ಹಿತ್ತಾಳೆಯ ವಾಸನೆ ಇಲ್ಲ. ಹುಟ್ಟಿದಾಗಿನಿಂದ ನಾನು ನೀರೆಂದು ಕುಡಿದದ್ದರಲ್ಲಿ ನೀರಲ್ಲದ್ದು ಎಷ್ಟಿತ್ತು ಎಂದು ಆಗ ಗೊತ್ತಾಯಿತು. ನುಂಗಿದ ಮೇಲೆ ನಾಲಿಗೆಯ ಹಿಂದೆ ತೆಳ್ಳಗೆ ಒಂದು ಸಿಹಿ ಬಂತು. ಕಾದು ಕುಳಿತವರಿಗೆ ಮಾತ್ರ ಸಿಗುವ ಸಿಹಿ.

ಕೂಜ ತುಂಬಿತು. ತಿರುಪು ಬಿಗಿದೆ, ಸೀರೆ ತುಂಡು ಸುತ್ತಿದೆ. ಆಗ ಮಾವ ನಿಧಾನವಾಗಿ ಹೇಳಿದರು.

"ಅಳಿಯಂದ್ರೆ, ಒಂದು ಕ್ರಮ ಉಂಟು. ಈ ನೀರು ಕೊಂಡೋಗುವಾಗ ದಾರಿಯಲ್ಲಿ ಯಾರಾದ್ರೂ ಕೇಳಿದ್ರೆ ಇಲ್ಲ ಅನ್ಲಿಕ್ಕೆ ಇಲ್ಲ. ಮುಚ್ಚಿ ಕೊಂಡೋಗ್ಬಹುದು, ಬಚ್ಚಿಟ್ಟು ಕೊಂಡೋಗ್ಬಾರ್ದು."

"ಯಾರು ಕೇಳಿದರೂ?"

"ಯಾರು ಕೇಳಿದ್ರೂ. ನಮ್ಮ ಮನೆಗೆ ಗಂಟೆ ದಾರಿ. ನಾವು ಅರ್ಧ ಕೊಡದಲ್ಲಿ ಮನೆ ಮುಟ್ಟಿದ್ದುಂಟು."

"ನನ್ನ ಮನೆಗೆ ಎರಡು ರಾಜ್ಯ ದಾಟಬೇಕು ಮಾವ!"

ಅವರು ತಲೆ ಕೆರೆದುಕೊಂಡರು. "ಅಷ್ಟು ದೂರ ಈ ನೀರು ಯಾರೂ ಕೊಂಡೋಗಿಲ್ಲ. ಆದ್ರೂ ಕ್ರಮ ಕ್ರಮವೇ ಅಲ್ವಾ. ನಮ್ಮ ಅತ್ತೆಗೂ ಗೊತ್ತುಂಟು. ಅವರು ಕೇಳ್ತಾರೆ ನೋಡಿ."

ಮತ್ತೆ ಪುತ್ತೂರು

ಮಾವನ ಮಾತು ಬೆನ್ನು ಹತ್ತಿತು. ಕಡಬದ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತ ಮುದುಕಿಗೆ ಬಿಕ್ಕಳಿಕೆ. ಮೂರು ಸಲ ಬಿಕ್ಕಿ, "ನೀರುಂಟಾ ಅಣ್ಣಾ?" ಅಂದರು. ಒಂದು ಮುಚ್ಚಳ ಕೊಟ್ಟೆ. ಬಿಕ್ಕಳಿಕೆ ನಿಲ್ಲಲಿಲ್ಲ. ಇನ್ನೊಂದು ಕೇಳಿದರು. ಕೊಟ್ಟೆ. ನಿಂತಿತು. ಅವರು ಸಮಾಧಾನದಿಂದ, "ಒಳ್ಳೆ ನೀರು, ಇನ್ನು ಸ್ವಲ್ಪ ಉಂಟಾ?" ಅಂದಾಗ ಬಿಕ್ಕಳಿಕೆ ಬಂದದ್ದು ನನಗೆ.

ಪುತ್ತೂರಿನಲ್ಲಿ ಅಬ್ಬುಕಾಕರ ಅಂಗಡಿ ದಾಟಿ ಹೋಗಬಹುದಿತ್ತು. ಬಚ್ಚಿಡಬಾರದು ಎಂಬ ಮಾತು ನೆನಪಾಗಿ ನಾನೇ ಹೋಗಿ ನಿಂತೆ. ಅವರು ಕೂಜವನ್ನು ಮುಟ್ಟಿ ನೋಡಿದರು.

"ತಣ್ಣಗುಂಟು. ಆದ್ರೆ ಈಗ ಕುಡಿಯುವ ಹಾಗಿಲ್ಲ. ಒಂದು ಲೋಟ ಇಟ್ಟುಹೋಗ್ತೀರಾ? ಸೂರ್ಯ ಮುಳುಗುವಾಗ ನೋಂಬು ಬಿಡುದು ಇದರಲ್ಲೇ."

ಗಾಜಿನ ಲೋಟ ತಂದಿಟ್ಟರು. ತುಂಬಿಸಿದೆ. ಅವರು ಅದಕ್ಕೆ ಒಂದು ತಟ್ಟೆ ಮುಚ್ಚಿ, ತಮ್ಮ ಎದುರಿಗೇ ಇಟ್ಟುಕೊಂಡು ಕುಳಿತರು. ಸೂರ್ಯ ಇನ್ನೂ ನೆತ್ತಿಯ ಮೇಲಿದ್ದ. ಬಸ್ಸು ಹತ್ತಿ ತಿರುಗಿ ನೋಡಿದಾಗಲೂ ಅವರು ಹಾಗೇ ಕುಳಿತಿದ್ದರು, ಎದುರಿಗೆ ತಟ್ಟೆ ಮುಚ್ಚಿದ ಲೋಟ. ನೀರಿಗೆ ಅಷ್ಟು ಮರ್ಯಾದೆ ಕೊಟ್ಟವರನ್ನು ನಾನು ಮತ್ತೆ ನೋಡಿಲ್ಲ.

ಸಂಪಾಜೆ ಘಟ್ಟ

ಸುಳ್ಯದಲ್ಲಿ ಬಸ್ಸು ಬದಲಾಯಿಸಿದೆ. ಈ ಸಲ ಬೋರ್ಡು ಓದದೆ ಕೇಳಿ ಹತ್ತಿದೆ. ಕೂಜ ಇನ್ನೂ ಅರ್ಧಕ್ಕಿಂತ ಹೆಚ್ಚು ತುಂಬಿತ್ತು. ಬೋರೇಗೌಡರಿಗೆ ಒಂದು ಲೋಟ, ಅಜ್ಜಿಗೆ ಎರಡು, ಬೀದಿಯವರಿಗೆ ಒಂದೊಂದು ಗುಟುಕು ಎಂದು ಮನಸ್ಸಿನಲ್ಲೇ ಹಂಚುತ್ತಾ ಬಂದೆ. ಘಟ್ಟದ ನಡುವೆ ಒಂದು ತಿರುವಿನಲ್ಲಿ ಬಸ್ಸು ಬುಸ್ಸೆಂದು ಹಬೆ ಬಿಟ್ಟು ನಿಂತಿತು. ರೇಡಿಯೇಟರಿನ ನೀರು ಕುದಿದು ಖಾಲಿ.

ಡ್ರೈವರು ಇಳಿದು, ಬಂದು, ಕಿಟಕಿಯಿಂದ ನೇರ ನನ್ನ ತೊಡೆಯ ಕಡೆ ನೋಡಿದ. "ಅಣ್ಣಾ, ಆ ಕೂಜದಲ್ಲಿ ನೀರುಂಟಾ?"

ಇಲ್ಲ ಅನ್ನುವ ಹಾಗಿಲ್ಲ. "ಉಂಟು. ಕಡಬದ ಒಸರಿನದು" ಅಂದೆ.

ಹಿಂದಿನ ಸೀಟಿನಲ್ಲಿ ಕೊಡೆ ಹಿಡಿದು ಕುಳಿತಿದ್ದ ಸುಳ್ಯದ ಹಿರಿಯರೊಬ್ಬರು ಎದ್ದು ನಿಂತರು. "ಹೆಬ್ಬಲಸಿನ ಬುಡದ್ದಾ? ಹಾಗಾದ್ರೆ ಕೇಳಿದವರಿಗೆ ಕೊಡ್ಲೇಬೇಕು!"

"ಕೇಳಿದ್ದು ಮನುಷ್ಯರಾದ್ರೆ ಸರಿ. ಇಂಜಿನ್ನಿಗೆ ಕೊಡ್ಲಿಕ್ಕೆ ಕ್ರಮ ಉಂಟಾ?" ಅಂದ ಇನ್ನೊಬ್ಬ.

"ಕೇಳಿದ್ದು ಡ್ರೈವರು. ಡ್ರೈವರು ಮನುಷ್ಯ ಅಲ್ವಾ?"

"ಬಾಯಾರಿದ್ದು ಬಸ್ಸಿಗೆ ಮಾರಾಯ್ರೆ!"

ಬಸ್ಸು ಎರಡು ಪಕ್ಷವಾಯಿತು. ನಾನು ಮುಚ್ಚಳದ ಮೇಲೆ ಕೈಯಿಟ್ಟು ನಡುವೆ ಕುಳಿತಿದ್ದೆ. ಕೊನೆಗೆ ಡ್ರೈವರು ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿ, "ಇದು ಯಾರಿಗೆ ಕೊಂಡೋಗುದು?" ಎಂದು ಕೇಳಿದ. ಹೇಳಿದೆ. ಅಜ್ಜಿಯ ತವರು, ನಲವತ್ತೈದು ವರ್ಷ, ಬೋರೇಗೌಡರ ಮಾತು, ಎಲ್ಲ ಹೇಳಿದೆ.

ಡ್ರೈವರು ಟೊಪ್ಪಿ ತೆಗೆದ. "ಅಜ್ಜಿಯ ನೀರು ಇಂಜಿನ್ನಿಗೆ ಹೊಯ್ದು ನಾನು ಮನೆಗೆ ಹೋಗಿ ಊಟ ಮಾಡುದು ಹೇಗೆ? ನಾನು ಕೇಳಲೇ ಇಲ್ಲ ಅಂತ ಮಾಡಿ. ಕೆಳಗೆ ತೋಡಿನಲ್ಲಿ ನೀರುಂಟು. ಎಲ್ಲರೂ ಇಳಿಯಿರಿ."

ತೋಡು ಎಂದರೆ ಹಳ್ಳ. ಅದು ರಸ್ತೆಯಿಂದ ಬಹಳ ಕೆಳಗಿತ್ತು. ಬುತ್ತಿ ಪಾತ್ರೆ, ಎಣ್ಣೆ ಡಬ್ಬ, ಒಬ್ಬರ ಕೊಡೆ, ಹೀಗೆ ಸಿಕ್ಕಿದ್ದನ್ನೆಲ್ಲ ಹಿಡಿದು ಎಲ್ಲರೂ ಇಳಿದು ಹತ್ತಿದೆವು. ಕೊಡೆಯಲ್ಲಿ ಮಾತ್ರ ನೀರು ನಿಲ್ಲಲಿಲ್ಲ. ನಾಲ್ಕು ಸಲ ಇಳಿದು ಹತ್ತಿ ರೇಡಿಯೇಟರು ತುಂಬಿಸಿ, ಬಸ್ಸು ಗುರ್ ಎಂದಾಗ ಜಯಕಾರ ಹಾಕಿದರು. ನನಗೆ ಅವರ ಮೇಲೆ ಎಷ್ಟು ಪ್ರೀತಿ ಬಂತೆಂದರೆ, ಕಣ್ಣು ಒದ್ದೆಯಾಯಿತು.

ಆಮೇಲೆ ಎಲ್ಲರೂ ಏದುಸಿರು ಬಿಡುತ್ತಾ ಸೀಟಿನಲ್ಲಿ ಕುಳಿತರು. ಬೆವರು ಒರೆಸಿಕೊಂಡರು. ಕೊಡೆಯ ಹಿರಿಯರು ಗಂಟಲು ಸರಿಮಾಡಿಕೊಂಡರು.

"ತೋಡಿನ ನೀರು ಕೆಸರು. ಕುಡಿಯುವ ಹಾಗಿರಲಿಲ್ಲ," ಅಂದರು. ಕೂಜದ ಕಡೆ ನೋಡಿ, "ಅಣ್ಣಾ, ಒಂದೇ ಒಂದು ಮುಚ್ಚಳ..."

ಇಂಜಿನ್ನಿನಿಂದ ಅಜ್ಜಿಯ ನೀರು ಉಳಿಸಿದವರೇ ಒಬ್ಬೊಬ್ಬರಾಗಿ ಅದನ್ನು ಕುಡಿದರು. ಡ್ರೈವರಿಗೆ ಕೊನೆಯ ಮುಚ್ಚಳ ಕೊಟ್ಟಾಗ ಅವನು ಅರ್ಧ ಕುಡಿದು, ಉಳಿದದ್ದನ್ನು ಬಾನೆಟ್ಟಿನ ಮೇಲೆ ಚಿಮುಕಿಸಿ, "ಇವನೂ ಕೇಳಿದ್ದಲ್ವಾ" ಅಂದ. ಮಡಿಕೇರಿಯಲ್ಲಿ ಕೂಜ ಅಲ್ಲಾಡಿಸಿ ನೋಡಿದೆ. ತಳದಲ್ಲಿ ಒಂದು ಲೋಟದಷ್ಟು ಇತ್ತು.

ಮೈಸೂರಿನ ನಲ್ಲಿ

ಮೈಸೂರಿನ ಬಸ್ಸು ನಿಲ್ದಾಣದಲ್ಲಿ ನಲ್ಲಿ ಇತ್ತು. ಒಳ್ಳೆಯ ನೀರೇ, ಕಾವೇರಿ ಸೀಮೆಯದು. ತಿರುಗಿಸಿದರೆ ದಪ್ಪ ಧಾರೆ. ಕೂಜ ಒಂದೇ ನಿಮಿಷದಲ್ಲಿ ತುಂಬುತ್ತದೆ, ಎಲ್ಲರಿಗೂ ಸಾಲುತ್ತದೆ, ಅಜ್ಜಿಗೂ ಒಂದು ಗುಟುಕು ಸಿಗುತ್ತದೆ. ಯಾರಿಗೆ ಗೊತ್ತಾಗಬೇಕು?

ಮುಚ್ಚಳ ತಿರುಗಿಸಿದೆ. ಕೂಜವನ್ನು ನಲ್ಲಿಯ ಕೆಳಗೆ ಹಿಡಿದೆ. ಹಿಂದೆ ನಿಂತಿದ್ದವನು, "ಬೇಗ ಹಿಡೀರಿ ಸ್ವಾಮಿ" ಅಂದ. ಬೋರೇಗೌಡರು ನನ್ನ ಬಗ್ಗೆ ಆಡಿದ ಮಾತು ನೆನಪಾಯಿತು. ಗುಳಿಯಲ್ಲಿ ಅಲ್ಲಾಡದೆ ಕೂತ ಕೂಜವೂ ಕಣ್ಣಿಗೆ ಬಂತು. ತಿರುಪು ಬಿಗಿದು ಪಕ್ಕಕ್ಕೆ ಸರಿದೆ.

ನಾಗಮಂಗಲ

ನಾನು ಬೀದಿಗೆ ಬಂದಾಗ ಬೀದಿಯೇ ಜಗುಲಿಯಲ್ಲಿತ್ತು. ಅಜ್ಜಿ ಕೂಜವನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ತೂಕ ಗೊತ್ತಾಯಿತು. ನನ್ನ ಮುಖ ನೋಡಿದರು.

"ಎಷ್ಟು ಜನ ಕೇಳಿದ್ರು?"

ಆ ಒಂದು ಪ್ರಶ್ನೆಯಿಂದ ನನ್ನ ತಲೆಯ ಭಾರ ಇಳಿಯಿತು. ಒಬ್ಬೊಬ್ಬರನ್ನೂ ಹೇಳಿದೆ. ಬಿಕ್ಕಳಿಕೆಯ ಮುದುಕಿಯ ಕಥೆಗೆ ನಕ್ಕರು. ಅಬ್ಬುಕಾಕರ ಲೋಟದ ಹತ್ತಿರ, "ಕುಡಿದಿರ್ತಾರಲ್ವಾ?" ಎಂದು ಕೇಳಿದರು. ಬಸ್ಸಿನ ಪಂಚಾಯ್ತಿಗೆ ಹೊಟ್ಟೆ ಹಿಡಿದು ನಕ್ಕರು. ಗುಳಿ ಇನ್ನೂ ಇದೆ, ಕೂಜ ಅದರಲ್ಲಿ ಕೂತಿತು ಎಂದಾಗ ಮಾತ್ರ ನಗಲಿಲ್ಲ. "ಉಟ್ಟಾ" ಎಂದು ಮೆಲ್ಲಗೆ ಅಂದರು, ಅಷ್ಟೇ.

ಬೋರೇಗೌಡರು ಕೆಮ್ಮಿದರು. "ಕತೆ ಆಯ್ತಲ್ಲ. ಎಲ್ಲಿ ಅತ್ತಿಗೆ, ಕೊಡು ನೋಡ್ಮ."

ಕೇಳಿಬಿಟ್ಟರು. ನಾನು ಅಜ್ಜಿಯನ್ನು ನೋಡಿದೆ. ಇದ್ದದ್ದು ಒಂದೇ ಲೋಟ. ಅಜ್ಜಿ ಒಂದು ಗಳಿಗೆಯೂ ತಡೆಯಲಿಲ್ಲ. ಒಳಗೆ ಹೋಗಿ ತಟ್ಟೆಯಲ್ಲಿ ಒಂದು ತುಂಡು ಬೆಲ್ಲ ತಂದು ಮೈದುನನ ಎದುರು ಇಟ್ಟು, ಕೂಜವನ್ನು ಬಗ್ಗಿಸಿ ಕೊನೆಯ ಹನಿಯವರೆಗೆ ಲೋಟಕ್ಕೆ ಸುರಿದರು.

ಬೋರೇಗೌಡರು ಹುಷಾರಿ. "ಬೆಲ್ಲ ತಿಂದ್ಮೇಲೆ ನಮ್ ಬಾವಿ ನೀರೂ ಸಿಹಿಯೇ," ಎಂದು ತಟ್ಟೆಯನ್ನು ಆಚೆ ತಳ್ಳಿದರು. ಲೋಟ ಎತ್ತಿದರು. ವೈದ್ಯರು ಕಷಾಯ ಪರೀಕ್ಷಿಸುವಂತೆ ಒಂದು ಗುಟುಕು ತೆಗೆದು ಬಾಯಲ್ಲಿ ತಿರುಗಿಸಿದರು. ಬೀದಿ ಉಸಿರು ಹಿಡಿಯಿತು. ಅವರು ಹುಬ್ಬು ಗಂಟಿಕ್ಕಿ ಇನ್ನೊಂದು ಗುಟುಕು ತೆಗೆದರು. ಮತ್ತೊಂದು. ಆಮೇಲೆ ಕಣ್ಣು ಮುಚ್ಚಿ, ಲೋಟ ಎತ್ತಿ, ಗಟಗಟ ಕುಡಿದರು. ಲೋಟವನ್ನು ಬಾಯಿಯ ಮೇಲೆ ಬೋರಲು ಹಿಡಿದು ತಟ್ಟಿದರು. ಕೊನೆಯ ಹನಿ ಬೀಳುವವರೆಗೆ ಕಾದರು.

ಕಣ್ಣು ಬಿಟ್ಟಾಗ ಎಲ್ಲರೂ ತಮ್ಮನ್ನೇ ನೋಡುತ್ತಿದ್ದರು. ಅವರು ಖಾಲಿ ಲೋಟ ನೋಡಿದರು, ಅತ್ತಿಗೆಯನ್ನು ನೋಡಿದರು. ಅವರ ಮೀಸೆ ನಡುಗಿತು.

"ಅಯ್ಯೋ ಅತ್ತಿಗೆ," ಅಂದರು. "ನಿಂಗೆ?"

ಅಜ್ಜಿ ನಗತೊಡಗಿದರು. ಕುಳಿತುಕೊಂಡು, ಗೋಡೆಗೆ ಒರಗಿ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಆಮೇಲೆ ಕೂಜಕ್ಕೆ ಸುತ್ತಿದ್ದ ಸೀರೆ ತುಂಡನ್ನು ಬಿಚ್ಚಿದರು. ಸವೆದ ತಿರುಪಿನಿಂದ ದಾರಿಯುದ್ದಕ್ಕೂ ಜಿನುಗಿದ ನೀರಿಗೆ ಅದು ಇನ್ನೂ ತಣ್ಣಗೆ ಒದ್ದೆಯಾಗಿತ್ತು. ಅದನ್ನು ಮುಖಕ್ಕೆ, ಕಣ್ಣಿಗೆ, ಕತ್ತಿಗೆ ಒತ್ತಿಕೊಂಡು ಬಹಳ ಹೊತ್ತು ಕುಳಿತರು.

ಮರುದಿನ ಬೆಳಿಗ್ಗೆ ಎದ್ದು ನೋಡಿದರೆ, ಬೋರೇಗೌಡರು ಕೂಜವನ್ನು ಬಗಲಲ್ಲಿಟ್ಟುಕೊಂಡು ಹೊರಟಿದ್ದರು.

"ಎಲ್ಲಿಗೆ?" ಅಂದೆ.

"ಕಂಚುಗಾರ್ ತಾವ. ಈ ತಿರುಪು ಸರಿಮಾಡಿಸ್ಬೇಕು. ಅಲ್ಲಾ ಅಳಿಯಂದ್ರೆ, ಆ ಮಡಿಕೇರಿ ಬಸ್ನಲ್ಲಿ ವಯಸ್ಸಾದ ಹೆಂಗ್ಸು ಕೂರ್ಬೌದಾ? ಬಾಳ ಕುಲುಕಾಡ್ತದಾ?"

ನಾನು ಉತ್ತರ ಕೊಡುವ ಮುಂಚೆ ಒಳಗಿನಿಂದ ಅಜ್ಜಿಯ ದನಿ ಬಂತು.

"ಬೋರಣ್ಣಾ, ಒಂದು ಸಾಲದು. ಎರಡು ಕೂಜ ಬೇಕು. ಬರುವಾಗ ದಾರಿಯಲ್ಲಿ ಕೇಳುವವರು ಇರ್ತಾರೆ."